ಸಾಮಾನು ಇಡಲು ಮಾತ್ರ

ಎರ್ಮೆಲಿಂದಾಬಾಯಿಗೆ ಹಿತ್ತಲದಾಗ ಒಂದು ಶೆಡ್ಡು ಬೇಕಾಗಿತ್ತು.
ದೊಡ್ಡದೇನಲ್ಲ. ಗಂಡ ಫೆಣಿ ಕಾಸತಿದ್ದ ತಾಮ್ರದ ಹಂಡೆ,
ಗೋಡಂಬಿ ಹಣ್ಣು ಹಿಂಡೋ ಕಲ್ಲು, ಒಣಗಿದ ತೆಂಗಿನ ಗರಿ,
ಚೈನಿಲ್ಲದ ಸೈಕಲ್ಲು, ಹೆಸರಿಲ್ಲದ್ದು ಇನ್ನೂ ಒಂದಿಷ್ಟು.
ನಾಕು ಪೈಪು, ಆರು ಪತ್ರಾ.
ಎರಡು ದಿನದ ಕೆಲಸ, ಎಂಟು ತಿಂಗಳ ಕಾಗದ.

ಕುಡ್ತರಿ ಪಂಚಾಯ್ತಿ ಕಿಟಕಿಯಾಗಿಂದ ಉಲ್ಹಾಸ ಗಾಂವಕರ ಕೇಳಿದ:
ಬುಡಕ್ಕ ಕಾಂಕ್ರೀಟು ಹಾಕ್ತೀರೇನು? ಹಾಕಿದ್ರ ಅದು ಕಟ್ಟಡ.
ಗ್ವಾಡಿ ಮೂರೋ ನಾಕೋ? ನಾಕಾದ್ರ ಅದು ಖೋಲಿ.
ಕಿಟಕಿ ಐತೇನು? ಇದ್ರ ಒಳಗ ಮನಷ್ಯಾ ಅದಾನ ಅಂತ ಅರ್ಥ.
"ಸಾಮಾನಿಗೆ ಗಾಳಿ ಯಾಕ ಬೇಕು?"
ಬ್ಯಾಡ ಬಿಡ್ರಿ, ಅಂದೆ. ಅಂದದ್ದ ಬರಕೊಂಡ.

ಒಂದು ಮಂಗಳವಾರ ಇಂಜಿನೇರ ಹುಡುಗ ಬಂದ.
ಹಳದಿ ಟೇಪಿನ ಒಂದು ತುದಿ ಅವನ ಕೈಯಾಗ, ಒಂದು ನನ್ನ ಕೈಯಾಗ.
ಹಿಂದಿನ ಜಂಬಿಟ್ಟಿಗಿ ಗ್ವಾಡಿಯಿಂದ ಮೂರು ಮೀಟರ್ ಬಿಡಬೇಕು, ಬಿಟ್ಟಿವಿ.
ಎಡಕ್ಕ ಮೂರು. ಬಿಟ್ಟಿವಿ.
ಬಲಕ್ಕ ಮುಂಡಕಾರ ಕೊನ್ಸೆಸಾಂವ ಬಾವಿಗೆ ಹೋಗೋ ಕಾಲುದಾರಿ,
ಅದನ್ನ ಮುಟ್ಟಂಗಿಲ್ಲ.
ಆತ ಬಾವಿಗೆ ಬಂದು ಹದಿನಾಕು ವರ್ಷ ಆತು, ಮನಿಗೆ ನಳ ಬಂದೈತಿ,
ಆದ್ರ ನಕಾಶದಾಗ ಆ ದಾರಿ
ಇನ್ನೂ ಕೊಡ ಹೊತಗೊಂಡು ನಡದೈತಿ.
ಬಾವಿ ಸುತ್ತ ಅಷ್ಟು, ಗಟಾರದಿಂದ ಇಷ್ಟು,
ಹಲಸಿನ ಗಿಡಕ್ಕ ಬ್ಯಾರೆ ಇಲಾಖೆ.
ಹುಡುಗ ಬಿಟ್ಟ, ಬಿಟ್ಟ, ಹಿಂದಕ್ಕ ಹಿಂದಕ್ಕ ಸರದ,
ಕೋಳಿ ಗೂಡು ದಾಟಿ, ಒಗೆಯೋ ಕಲ್ಲು ದಾಟಿ,
ಹಿತ್ತಲ ಬಾಗಲಕ್ಕ ಬೆನ್ನು ಬಡದು ನಿಂತ.
ಟೇಪು ನೋಡಿದ. ನಕಾಶ ನೋಡಿದ. ಮತ್ತೊಮ್ಮೆ ಟೇಪು.
"ಬಾಯೀ, ಕಾಯಿದೆಗೆ ಬರೋಬ್ಬರಿ ಕೂಡೋ ಜಾಗಾ ಒಂದ ಐತಿ.
ನಿಮ್ಮ ಅಡಿಗಿಮನಿ."

"ಹಂಗಾದ್ರ ಅಡಿಗಿ ಹಿತ್ತಲದಾಗ ಮಾಡ್ತೀನಿ,
ಅದಕ್ಕೂ ಅರ್ಜಿ ಐತೇನ ಪುತಾ?"
ಅಂತ ಆಕಿ ಸೆರಗಿಲ್ಲದ ಗೌನಿನಾಗ ಬಾಯಿ ಮುಚ್ಚಿಕೊಂಡು ನಕ್ಕಳು.
ನಾನೂ ನಕ್ಕೆ.

ಆ ಅರ್ಜಿ ನಮೂನಿ ನನಗ ಬಾಯಿಪಾಠ.
ಸಾಂಕವಾಳದಾಗ ನಾ ಇರೋ ಜಾಗಾಕ್ಕೂ ಒಂದು ಕಾಗದ ಐತಿ,
ಮಾಲಕನ ಹೆಸರಿಲೆ, ನೀಲಿ ಠಸ್ಸೆ ಬಿದ್ದದ್ದು:
ಹಿತ್ತಲ ಶೆಡ್ಡು. ಸಾಮಾನು ಇಡಲು ಮಾತ್ರ. ವಾಸಕ್ಕಲ್ಲ.
ಬುಡಕ್ಕ ಕಾಂಕ್ರೀಟಿಲ್ಲ. ಕಿಟಕಿ ಇಲ್ಲ.
ನಾಕನೇ ಗ್ವಾಡಿ, ಬಸಲಿಂಗವ್ವನ ಹಳೇ ಇಳಕಲ್ ಸೀರಿ.

ತಪಾಸಣಿ ಅಂದ್ರ ಹಿಂದಿನ ರಾತ್ರಿ ಮಾಲಕನ ಫೋನ್ ಬರ್ತೈತಿ.
ಸೀರಿ ಬಿಚ್ಚಿ ಮಡಚಿ, ಸ್ಟೋವು ಗೋಣಿಚೀಲದಾಗ ಹಾಕಿ
ನಾವು ಮೂರೂ ಮಂದಿ ರಸ್ತಾಕ್ಕ ಹೋಗಿ
ಬಸ್ಸಿಗೆ ಕಾಯೋರಂಗ ನಿಂದರ್ತೀವಿ.
ಬಸ್ಸು ಬಂದ್ರ ಕೈ ಮಾಡಂಗಿಲ್ಲ. ಕಂಡಕ್ಟರ್ ಬಯ್ಯತಾನ.

ಒಂದ್ಸಲ ಮಗಳು ಒಳಗ ಪುಸ್ತಕ ಮರತಿದ್ಲು.
ಸಾಹೇಬ ಅದನ್ನ ಹಿಡಕೊಂಡು ಹೊರಗ ಬಂದು
ಹಚ್ಚಿದ ಚೀಟಿ ಜೋರಾಗಿ ಓದಿದ:
ಸುಗಂಧಾ ಮಲ್ಲಪ್ಪ ಹಡಪದ, ಏಳನೇ ಇಯತ್ತೆ.
"ಇದು ಏನು?"
ಮಾಲಕ ನನ್ನ ಕಡೆ ನೋಡಲಿಲ್ಲ.
"ಸಾಮಾನು," ಅಂದ.
ರಸ್ತಾದ ಆಚಿ ಕಡೆ ಕೇಳಿಸೋವಷ್ಟು ಜೋರಾಗಿ ಅಂದ.

ಎರ್ಮೆಲಿಂದಾಬಾಯಿಗೆ ಕಡೀಕ
ನಾಕು ಗಾಲಿ ಮ್ಯಾಲ ಶೆಡ್ಡು ಮಾಡಿ ಕೊಟ್ಟೆ.
ಗಾಲಿ ಇದ್ದದ್ದು ಕಟ್ಟಡ ಅಲ್ಲ ಅಂತ ಗಾಂವಕರನ ಕಿವಿಯಾಗ ಹೇಳಿದ್ದ,
ಬರವಣಿಗಿಲೆ ಕೊಡಾಕ ಒಲ್ಲೆ ಅಂದಿದ್ದ.
ಈಗ ಹಂಡೆ ಒಳಗ ಕುಂತೈತಿ, ಸೈಕಲ್ಲು ಅದಕ್ಕ ಆತು ನಿಂತೈತಿ.
ಪೂರ್ವದ ಪತ್ರಾದಾಗ ಒಂದು ಗೇಣು ಚೌಕ ಕೊರದು ಬಿಟ್ಟೀನಿ.
ಪ್ಲ್ಯಾನಿನಾಗ ಇಲ್ಲ. ಆಕಿ ಕೇಳಿಲ್ಲ.
ಬಿಲ್ಲಿನಾಗೂ ಹಚ್ಚಿಲ್ಲ.